ಓದುಗರ ಪ್ರಶ್ನೆ: ಕುಸಿದ ಮನಸ್ಸಿಗೆ ಆಸರೆ ಎಲ್ಲಿ?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಯಜಮಾನರು ತೀರಿಕೊಂಡರು. ಎರಡು ವರ್ಷದಿಂದ ಅಡಿಕೆ ತೋಟಕ್ಕೆ ಕೊಳೆರೋಗ, ಮಕ್ಕಳು ಬೆಂಗಳೂರಿನಲ್ಲಿ. ದೇವರ ಮುಂದೆ ಕುಳಿತರೂ ಮನಸ್ಸು ನಿಲ್ಲುವುದಿಲ್ಲ. ಧೈರ್ಯ ತಂದುಕೊಳ್ಳುವುದು ಹೇಗೆ?
– ಓರ್ವ ಓದುಗರು, ಸಾಗರ ತಾಲ್ಲೂಕು

ಉತ್ತರ: ತಾಯೀ, ದೇವರ ಮುಂದೆ ಮನಸ್ಸು ನಿಲ್ಲದಿರುವುದು ಭಕ್ತಿಯ ಕೊರತೆಯಲ್ಲ, ದುಃಖದ ಭಾರ, ದೀಪ ಹಚ್ಚಿ ಐದು ನಿಮಿಷ ಸುಮ್ಮನೆ ಕುಳಿತರೂ ಅದು ಪೂಜೆಯೇ ಎಂದು ನಾನು ನಂಬಿದ್ದೇನೆ. ಮನೆಗಳು ಒಂದಕ್ಕೊಂದು ದೂರವಿರುವ ನಮ್ಮ ಮಲೆನಾಡಿನಲ್ಲಿ ಹಿರಿಯರು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಸರದಿಯಲ್ಲಿ ಒದಗುವ ಮುಯ್ಯಾಳಿನ ಪದ್ಧತಿಯನ್ನು ಉಳಿಸಿಕೊಂಡು ಬಂದದ್ದು ಕೇವಲ ಕೂಲಿ ಉಳಿಸಲಿಕ್ಕಲ್ಲ. ಆದ್ದರಿಂದ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ನೆರೆಯವರ ಸಹಾಯ ಕೇಳುವುದಕ್ಕೆ ಸಂಕೋಚಪಡಬೇಡಿ. ಅವರ ಮನೆಯಲ್ಲಿ ಅಡಿಕೆ ಸುಲಿಯುವ ರಾತ್ರಿ ನೀವೂ ಮೆಟ್ಟುಗತ್ತಿಯ ಮುಂದೆ ಕುಳಿತುಕೊಳ್ಳಿ. ಸುಲಿಯುತ್ತಾ ಆಡುವ ಮಾತಿನಲ್ಲಿ ಎಷ್ಟೋ ಸಂಕಟ ಹಗುರಾಗುವುದನ್ನು ನಾನು ಕಂಡಿದ್ದೇನೆ.

ಮಕ್ಕಳಿಗೆ ‘ಚೆನ್ನಾಗಿದ್ದೇನೆ’ ಎಂದಷ್ಟೇ ಹೇಳದೆ ಇದ್ದದ್ದನ್ನು ಇದ್ದಂತೆ ಹೇಳಿ. ಭೂತಾಯಿಯನ್ನು ಬಸುರಿಯೆಂದು ಭಾವಿಸಿ ಬಯಕೆ ತೀರಿಸುವ ಭೂಮಿ ಹುಣ್ಣಿಮೆಗೆ ಅವರನ್ನು ಕರೆಸಿಕೊಳ್ಳಿ. ಬೆಳಗಿನ ಜಾವ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಎಲ್ಲರೂ ಒಟ್ಟಿಗೆ ತೋಟಕ್ಕಿಳಿಯಿರಿ.

ಊಟ, ನಿದ್ದೆ ವಾರಗಟ್ಟಲೆ ತಪ್ಪಿದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ, ಇಲ್ಲವೇ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.