ಕರ್ನಲ್‌ನ ಕಾವಲಿಗೆ ಯಾರು?

ಪ್ರಶ್ನೆ: ನಾನು ಕಾಫಿ ವ್ಯಾಪಾರದ ಮಂಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಂಪ್ಯೂಟರಿನ ವಿಂಡೋಸ್‌ನಲ್ಲಿ ‘ಮೆಮೊರಿ ಇಂಟೆಗ್ರಿಟಿ’ಯನ್ನು ಆನ್ ಮಾಡಲು ಹೋದರೆ, ತೂಕದ ಯಂತ್ರವನ್ನು ಕಂಪ್ಯೂಟರಿಗೆ ಹೊಂದಿಸಲು ಹಾಕಿರುವ ಹಳೆಯ ಡ್ರೈವರ್ ತಂತ್ರಾಂಶ ಅದಕ್ಕೆ ಹೊಂದುವುದಿಲ್ಲವೆಂದು ತೋರಿಸುತ್ತದೆ. ಆಂಟಿವೈರಸ್ ಇರುವಾಗ ಅದು ಆಫ್ ಇದ್ದರೂ ನಡೆಯುತ್ತದೆಯೇ?
- ಓದುಗರು, ಚಿಕ್ಕಮಗಳೂರು

ಉತ್ತರ: ಅದನ್ನು ಆಫ್ ಇಟ್ಟುಕೊಳ್ಳುವುದು ಒಳ್ಳೆಯದಲ್ಲ. ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಹೇಳಿದ್ದನ್ನು ನಂಬಿಯೇ ಆಂಟಿವೈರಸ್ ಕೆಲಸ ಮಾಡಬೇಕು. ತೋಟದ ರೈಟರೇ ಮಸ್ಟರ್ ಪುಸ್ತಕದಲ್ಲಿ ಇಲ್ಲದ ಆಳಿನ ಹೆಸರು ಬರೆದು, ತಾವೇ ತಾಳೆ ನೋಡಿ ರುಜು ಹಾಕಿದರೆ ಮಾಲೀಕರಿಗೆ ಏನು ತಿಳಿದೀತು? ಕರ್ನಲ್‌ನೊಳಗೆ ಕಳ್ಳ ಕೋಡ್ ಸೇರಿಕೊಂಡಾಗ ಆಗುವುದೂ ಅದೇ.

ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ತಮ್ಮ ಪ್ರೊಸೆಸರ್‌ಗಳಿಗೆ ಸೇರಿಸಿದ ಸೌಲಭ್ಯದಿಂದಾಗಿ, ಕರ್ನಲ್‌ಗಿಂತಲೂ ಕೆಳಗೆ ನಿಂತು ಅದರ ಮೇಲೆ ಕಣ್ಣಿಡುವ ಹೈಪರ್‌ವೈಸರ್ ಎಂಬ ತಂತ್ರಾಂಶಕ್ಕೆ ಯಂತ್ರಾಂಶದ ಬೆಂಬಲ ದೊರೆಯಿತು. ಮೆಮೊರಿ ಇಂಟೆಗ್ರಿಟಿ ಕೆಲಸ ಮಾಡುವುದು ಈ ಹೈಪರ್‌ವೈಸರ್‌ನ ಬಲದಿಂದಲೇ. ಮೆಮೊರಿಯ ಯಾವ ಪುಟದಲ್ಲಿ (ಅದರ ಚಿಕ್ಕ ಭಾಗದಲ್ಲಿ) ಬರೆಯಬಹುದು, ಯಾವುದರಲ್ಲಿರುವ ಕೋಡನ್ನು ನಡೆಸಬಹುದು ಎಂಬ ಪಟ್ಟಿಯನ್ನು ಕರ್ನಲ್ ಇಟ್ಟುಕೊಂಡಿರುತ್ತದೆ. ಹೈಪರ್‌ವೈಸರ್ ಇನ್ನೊಂದು ಪಟ್ಟಿಯನ್ನು ಕರ್ನಲ್‌ನ ಕೈಗೆ ಸಿಗದಂತೆ ಇಟ್ಟುಕೊಳ್ಳುತ್ತದೆ. ಎರಡರಲ್ಲೂ ಅನುಮತಿ ಇದ್ದರೆ ಮಾತ್ರ ಪ್ರೊಸೆಸರ್ ಮುಂದುವರಿಯುತ್ತದೆ. ಕರ್ನಲ್ ಮಟ್ಟದಲ್ಲಿ ನಡೆಯುವ ಪುಟದ ಮೇಲೆ ಬರೆಯುವಂತಿಲ್ಲ, ಬರೆಯಬಹುದಾದ ಪುಟವನ್ನು ನಡೆಸುವಂತಿಲ್ಲ. ಹೊಸ ಡ್ರೈವರ್‌ನ ಡಿಜಿಟಲ್ ಸಹಿ ಪರಿಶೀಲನೆಯಾದ ಮೇಲಷ್ಟೇ ಅದಕ್ಕೆ ನಡೆಯುವ ಹಕ್ಕು. ಒಂದೇ ಪುಟಕ್ಕೆ ಬರೆಯುವ, ನಡೆಸುವ ಎರಡೂ ಹಕ್ಕನ್ನು ಒಟ್ಟಿಗೆ ಕೇಳುವ ಹಳೆಯ ಡ್ರೈವರ್‌ಗಳು ಇಲ್ಲಿ ಎಡವುತ್ತವೆ; ನಿಮ್ಮದೂ ಬಹುಶಃ ಹಾಗೆಯೇ.

ಕಾವಲುಗಾರನೇ ಕೆಟ್ಟರೆ ಎಂಬ ಪ್ರಶ್ನೆಗೆ ಸಂಶೋಧಕರು ಕಂಡುಕೊಂಡ ಉತ್ತರ, ಅವನನ್ನು ಚಿಕ್ಕದಾಗಿ ಕಟ್ಟುವುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ‘ಸೆಕ್‌ವೈಸರ್’ ಎಂಬ ಹೈಪರ್‌ವೈಸರ್ ಕೋಡಿನ ಕೆಲವೇ ಸಾವಿರ ಸಾಲುಗಳದ್ದು. ವಿಂಡೋಸ್‌ನಂತೆಯೇ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್‌ನ ಕರ್ನಲ್ ಡ್ರೈವರ್‌ಗಳೂ ಸೇರಿ ಎರಡು ಕೋಟಿ ಸಾಲುಗಳನ್ನು ದಾಟಿದೆ. ಕೆಲವು ಸಾವಿರ ಸಾಲುಗಳನ್ನು ಕುಳಿತು ಓದಿ ತಪ್ಪು ಹುಡುಕಬಹುದು. ವಿಂಡೋಸ್ ಬಳಸುವ ಹೈಪರ್‌ವೈಸರ್ ಅಷ್ಟು ಚಿಕ್ಕದಲ್ಲವೆಂಬುದನ್ನೂ ಹೇಳಬೇಕು.

ಈ ಕಾವಲು ಕೋಡಿಗಷ್ಟೇ. ಕರ್ನಲ್‌ನ ದತ್ತಾಂಶವನ್ನು ತಿದ್ದುವುದನ್ನಾಗಲಿ, ಈಗಾಗಲೇ ಇರುವ ಕೋಡಿನ ತುಣುಕುಗಳನ್ನೇ ಪೋಣಿಸಿ ಆಡುವ ಆಟವನ್ನಾಗಲಿ ಇದೊಂದೇ ಪೂರ್ತಿ ತಡೆಯಲಾರದು. ನಿಮ್ಮ ಲೆಕ್ಕದ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್‌ಸಮ್‌ವೇರ್‌ಗೆ ಕರ್ನಲ್‌ನ ಹಂಗೇ ಬೇಕಿಲ್ಲ. ಅದಕ್ಕೆ ಬೇರೆ ಡಿಸ್ಕ್‌ನಲ್ಲಿ ಬ್ಯಾಕಪ್ ಇರಬೇಕು.

ಎಚ್ಚರಿಕೆ ಬಂದ ಪರದೆಯಲ್ಲೇ ಹೊಂದದ ಡ್ರೈವರ್‌ನ ಕಡತದ ಹೆಸರಿರುತ್ತದೆ. ಅದನ್ನು ಬರೆದುಕೊಂಡು ಯಂತ್ರ ಕೊಟ್ಟವರನ್ನು ಕೇಳಿ. ತಕ್ಕಡಿಯ ಸೀರಿಯಲ್ ಕೇಬಲ್ಲನ್ನು ಯುಎಸ್‌ಬಿಗೆ ಜೋಡಿಸುವ ಕನ್ವರ್ಟರ್ ಬಳಸುತ್ತಿದ್ದರೆ ಆ ಡ್ರೈವರ್ ಅದರದ್ದಾಗಿರಬಹುದು. ಹಾಗಿದ್ದಲ್ಲಿ ಆ ಕನ್ವರ್ಟರನ್ನಷ್ಟೇ ಬದಲಿಸಿ, ಹಳೆಯ ಡ್ರೈವರನ್ನು ತೆಗೆದುಹಾಕಿ, ಮೆಮೊರಿ ಇಂಟೆಗ್ರಿಟಿಯನ್ನು ಮತ್ತೆ ಆನ್ ಮಾಡಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ.