ಹಾಡಿನಂಗಡಿಯ ಟಪಾಲು

ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹದಿನೈದು ವರ್ಷ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಬರೆದದ್ದೇ ತಡ, ಈ ಸಲ ಬಂದ ಪ್ರಶ್ನೆಗಳೆಲ್ಲ 1990ರಿಂದ 1993ರ ಸುತ್ತಲೇ ಇವೆ. ಅಂಗಡಿಯ ಶಟರ್ ಮತ್ತೆ ಎತ್ತಿದಷ್ಟು ಖುಷಿಯಾಗಿದೆ.

ಪ್ರಶ್ನೆ: ತೊಂಬತ್ತರ ದಶಕದ ಸಂಗೀತ ‘ರೋಜಾ’ದಿಂದಲೇ ಶುರು ಅನ್ನುತ್ತಾಳೆ ನನ್ನ ಮಗಳು. ಆಗ ನಮ್ಮ ಕನ್ನಡದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲವೇ? (ಓದುಗಿ, ತಿಪಟೂರು)

ಉತ್ತರ: ನಡೆಯಿತು ತಾಯಿ. ಅದೇ ವರ್ಷ ನಡೆಯಿತು, ಅದೇ ಪಟ್ಟಿಯಲ್ಲೇ ಇದೆ.

1992ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳನ್ನು ನೆನಪಿಸಿಕೊಳ್ಳಿ. ಶ್ರೇಷ್ಠ ಸಂಗೀತ ನಿರ್ದೇಶಕ ಎ.ಆರ್. ರೆಹಮಾನ್, ಅದೂ ಮೊದಲ ಚಿತ್ರಕ್ಕೇ. ನಿಮ್ಮ ಮಗಳು ಹೇಳುವುದು ಅಷ್ಟರ ಮಟ್ಟಿಗೆ ನಿಜ. ‘ರೋಜಾ’ ತಮಿಳಿನಲ್ಲಿ ತೆರೆ ಕಂಡಾಗ ಆ ಹುಡುಗನಿಗೆ ಇಪ್ಪತ್ತೈದು ವರ್ಷ. ಆದರೆ ಅದೇ ಪಟ್ಟಿಯಲ್ಲಿ ಶ್ರೇಷ್ಠ ಗಾಯಕ ಯಾರು? ಅರವತ್ತು ದಾಟಿದ್ದ ನಮ್ಮ ಡಾ. ರಾಜ್‌ಕುಮಾರ್, ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ. ಶ್ರೇಷ್ಠ ಗಾಯಕಿ ಎಸ್. ಜಾನಕಿ, ತಮಿಳಿನ ‘ತೇವರ್ ಮಗನ್’ ಚಿತ್ರದ ಹಾಡಿಗೆ.

ರಾಜ್, ಜಾನಕಿ ಎರಡೂ ಹೆಸರು ಒಟ್ಟಿಗೆ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ‘ತುಂಬಿತು ಮನವ’ ಅಂತ ಒಂದು ಯುಗಳಗೀತೆ ಇದೆ, ಜಿ.ಕೆ. ವೆಂಕಟೇಶ್ ಸಂಗೀತ. ರಾಜ್‌ಕುಮಾರ್ ಅಲ್ಲಿ ದನಿಗೂಡಿಸಿದ್ದು ಇದೇ ಜಾನಕಿಯಮ್ಮನ ಜೊತೆ. ಆಮೇಲೆ ಬಹಳ ವರ್ಷ ಪಿ.ಬಿ. ಶ್ರೀನಿವಾಸ್ ಅವರೇ ರಾಜ್‌ಗೆ ದನಿಯಾದರು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಹಾಡಿದ ಹಾಡಿನ ನಂತರವೇ ಅವರು ತಮ್ಮ ಪಾತ್ರಕ್ಕೆ ತಾವೇ ಹಾಡುವುದು ವಾಡಿಕೆಯಾಯಿತು. ಒಂದು ಕಾಲದಲ್ಲಿ ಜೊತೆಗೂಡಿ ಹಾಡಿದ ಇಬ್ಬರು ಮೂವತ್ಮೂರು ವರ್ಷದ ಮೇಲೆ ಬೇರೆ ಬೇರೆ ಭಾಷೆಯ ಹಾಡುಗಳಿಗೆ ಒಂದೇ ವರ್ಷದ ಪ್ರಶಸ್ತಿ ಪಡೆದರು.

‘ಜೀವನ ಚೈತ್ರ’ದ ಕ್ಯಾಸೆಟ್ ಬಂದ ದಿನಗಳು ನನಗೆ ಚೆನ್ನಾಗಿ ನೆನಪಿವೆ. 1989ರ ‘ಪರಶುರಾಮ್’ ಆದ ಮೇಲೆ ಅಣ್ಣಾವ್ರು ತೆರೆಯ ಮೇಲೆ ಕಾಣಿಸಿರಲಿಲ್ಲ. ನಡುವೆ 1990ರಲ್ಲಿ ‘ಅಶ್ವಮೇಧ’ಕ್ಕೆ ‘ಹೃದಯ ಸಮುದ್ರ ಕಲಕಿ’ ಹಾಡಿದ್ದರು. ತಾವು ನಟಿಸದ ಚಿತ್ರಕ್ಕೆ ಅಷ್ಟು ಎತ್ತರದ ಸ್ಥಾಯಿಯಲ್ಲಿ ಹಾಡಿದ್ದನ್ನು ಕೇಳಿದವರೆಲ್ಲ, ದನಿ ಒಂದಿಷ್ಟೂ ಮುಕ್ಕಾಗಿಲ್ಲ ಅಂತ ಮಾತಾಡಿಕೊಂಡಿದ್ದರು. ಆಮೇಲೆ ಬಂತು ‘ನಾದಮಯ’. ಚಿ. ಉದಯಶಂಕರ್ ಸಾಹಿತ್ಯ, ಉಪೇಂದ್ರ ಕುಮಾರ್ ಸಂಗೀತ.

ನಮ್ಮ ಓಣಿಯಲ್ಲಿ ಹಾರ್ಮೋನಿಯಂ ಕಲಿಸುವ ಮಾಸ್ತರರೊಬ್ಬರಿದ್ದರು. ಸಿನಿಮಾ ಹಾಡು ಅಂದರೆ ಮುಖ ತಿರುಗಿಸುವವರು. ಒಂದು ಸಂಜೆ ನನ್ನ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿ, ಇಳಿಯದೆ ಒಂದು ಕಾಲು ನೆಲಕ್ಕೂರಿಕೊಂಡೇ ಪೂರ್ತಿ ಹಾಡು ಕೇಳಿದರು. “ಇನ್ನೊಮ್ಮೆ ಹಚ್ಚಪಾ” ಅಂದರು. ಎರಡನೇ ಸಲ ಸೈಕಲ್ ಸ್ಟ್ಯಾಂಡ್ ಹಾಕಿ ಒಳಗೆ ಬಂದು ಕೂತರು. ಕೊನೆಯ ಸ್ವರಗಳ ಓಟದಲ್ಲಿ ಅವರ ಬೆರಳು ಗಾಜಿನ ಕೌಂಟರ್ ಮೇಲೆ ಹಾರ್ಮೋನಿಯಂ ಮನೆಗಳನ್ನು ಹಿಡಿಯುತ್ತಿತ್ತು. “ಉಸಿರು ಎಲ್ಲಿ ತಗೊಂಡ್ರು ಅನ್ನೂದೇ ಗೊತ್ತಾಗೂದಿಲ್ಲಲ್ಲೋ” ಅಂದವರೇ ಒಂದು ಕ್ಯಾಸೆಟ್ ಕೊಂಡರು. ನನ್ನಲ್ಲಿ ಅವರು ಕೊಂಡ ಮೊದಲ ಸಿನಿಮಾ ಕ್ಯಾಸೆಟ್ ಅದು. ಪ್ರಶಸ್ತಿಯ ಸುದ್ದಿ ಬಂದದ್ದು ಎಷ್ಟೋ ತಿಂಗಳ ಮೇಲೆ. ನನ್ನ ಪಾಲಿಗೆ ಆ ಹಾಡು ಗೆದ್ದದ್ದು ಆ ಸಂಜೆಯೇ.

ಮಗಳಿಗೆ ‘ರೋಜಾ’ ಬಿಡು ಅನ್ನಬೇಡಿ. ಎರಡನ್ನೂ ಒಂದೇ ಕೂರಿಕೆಯಲ್ಲಿ ಕೇಳಿಸಿ. ಒಂದರಲ್ಲಿ ಯುವಕನೊಬ್ಬ ತನ್ನ ಮನೆಯ ಹಿತ್ತಲಿನ ಸ್ಟುಡಿಯೋದಲ್ಲಿ ಕೂತು ಒಂದೊಂದೇ ವಾದ್ಯದ ಸದ್ದನ್ನು ಪದರ ಪದರವಾಗಿ ಜೋಡಿಸಿದ್ದಾನೆ. ಇನ್ನೊಂದರಲ್ಲಿ ಬರೀ ಕಂಠ ಎಲ್ಲವನ್ನೂ ಹೊತ್ತಿದೆ.

ಪ್ರಶ್ನೆ: ಹಂಸಲೇಖ ಬಂದು ಸಿನಿಮಾ ಹಾಡಿನ ಸಾಹಿತ್ಯ ಹಗುರಾಯಿತು ಎಂದು ನಮ್ಮ ತಂದೆ ಈಗಲೂ ವಾದಿಸುತ್ತಾರೆ. ನಿಮ್ಮ ಅಭಿಪ್ರಾಯ? (ಓದುಗ, ಚನ್ನಪಟ್ಟಣ)

ಉತ್ತರ: ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ನಾನು ಒಪ್ಪುವುದಿಲ್ಲ. 1987ರ ‘ಪ್ರೇಮಲೋಕ’ದಲ್ಲಿ ಕಾಲೇಜು ಹುಡುಗರ ಆಡುಮಾತು ಹಾಡಾದಾಗ ಹಿರಿಯರಿಗೆ ಕಸಿವಿಸಿಯಾದದ್ದು ಸಹಜ. ಆ ಒಂದೇ ಕ್ಯಾಸೆಟ್ಟಿನಿಂದ ಅವರನ್ನು ಅಳೆಯಬಾರದು ಅಷ್ಟೆ. 1990ರ ‘ಮುತ್ತಿನ ಹಾರ’ ತೆಗೆದುಕೊಳ್ಳಿ. ಕೊಡಗಿನ ಸಿಪಾಯಿಯ ಕಥೆ. ಅದರಲ್ಲಿ ‘ದೇವರು ಹೊಸೆದ ಪ್ರೇಮದ ದಾರ’ ಹಾಡಿಸಲು ಹಂಸಲೇಖ ಕರೆತಂದದ್ದು ಡಾ. ಎಂ. ಬಾಲಮುರಳಿಕೃಷ್ಣ ಅವರನ್ನು. 1975ರ ‘ಹಂಸಗೀತೆ’ಗೆ ರಾಷ್ಟ್ರ ಪ್ರಶಸ್ತಿ ಪಡೆದಿದ್ದ ಕಂಠ ಅದು. ಯುದ್ಧ, ಹಿಮ, ಸಾವು ತುಂಬಿದ ಚಿತ್ರದಲ್ಲಿ ಆ ದನಿ ಯಾರನ್ನೂ ಅಳಿಸಲು ಹೊರಡುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಮಾತಾಡುತ್ತದೆ.

ಇನ್ನೊಂದು ಕೇಳಿಸಿಕೊಳ್ಳಿ. 1993ರ ‘ಆಕಸ್ಮಿಕ’ದಲ್ಲಿ ಹಂಸಲೇಖ ಬರೆದು ರಾಜ್‌ಕುಮಾರ್ ಹಾಡಿದ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಇಂದು ಎಲ್ಲ ರಾಜ್ಯೋತ್ಸವಕ್ಕೂ ಬೇಕು. ಅದರ ಜಟಕಾ ಬಂಡಿ ಎಲ್ಲಿಂದ ಬಂತು? ಡಿವಿಜಿಯವರ ಕಗ್ಗದಿಂದ. ಪುಸ್ತಕದ ಕಪಾಟಿನಲ್ಲಿದ್ದ ಪ್ರತಿಮೆಯನ್ನು ತಂದು ಆಟೊ ನಿಲ್ದಾಣದವರೆಗೆ ಮುಟ್ಟಿಸಿದವರನ್ನು ಹಗುರ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ಪ್ರಶ್ನೆ: ಭಾವಗೀತೆಗಳು ಸಿನಿಮಾ ಹಾಡಿನಷ್ಟು ಮಾರಾಟವಾಗುತ್ತಿದ್ದವೇ? (ಓದುಗಿ, ಮೈಸೂರು)

ಉತ್ತರ: ಅಷ್ಟು ಇಲ್ಲ. ಆದರೆ ಸಿನಿಮಾ ಕ್ಯಾಸೆಟ್ ಮೂರು ತಿಂಗಳು ಓಡಿ ನಿಲ್ಲುತ್ತಿತ್ತು, ಭಾವಗೀತೆ ವರ್ಷವಿಡೀ ಹೋಗುತ್ತಿತ್ತು. ಮದುವೆ ಸೀಸನ್‌ನಲ್ಲಿ ‘ಮೈಸೂರು ಮಲ್ಲಿಗೆ’ ಕಟ್ಟಿಡಲು ಬಣ್ಣದ ಕಾಗದ ನಾನು ಬೇರೆಯಾಗಿ ತರಿಸುತ್ತಿದ್ದೆ. ಮದುಮಕ್ಕಳಿಗೆ ಉಡುಗೊರೆ ಕೊಡುವ ಗೆಳೆಯರು ಅದನ್ನೇ ಕೇಳುತ್ತಿದ್ದರು.

ನಿಮ್ಮ ಊರಿನ ಹೆಸರಿನ ಈ ಸಂಕಲನ ಮೊದಲು ಅಚ್ಚಾದದ್ದು 1942ರಲ್ಲಿ. ಟಿ.ಎಸ್. ನಾಗಾಭರಣ ಅದೇ ಕವಿತೆಗಳನ್ನು ಆಧರಿಸಿ ಚಿತ್ರ ಮಾಡಿದರು, ಸಿ. ಅಶ್ವಥ್ ಸಂಗೀತ. 1991ನೇ ಸಾಲಿನ ಶ್ರೇಷ್ಠ ಗೀತರಚನೆಯ ರಾಷ್ಟ್ರ ಪ್ರಶಸ್ತಿ ಕೆ.ಎಸ್. ನರಸಿಂಹಸ್ವಾಮಿಯವರಿಗೆ ಬಂತು. ಯೌವನದಲ್ಲಿ ಬರೆದ ಕವಿತೆಗೆ ಎಪ್ಪತ್ತೈದು ದಾಟಿದ ಮೇಲೆ ಸಿನಿಮಾ ಪ್ರಶಸ್ತಿ! ಅವರು ಟ್ಯೂನಿಗೆ ಪದ ಹೊಂದಿಸಿದವರಲ್ಲ. ಐವತ್ತು ವರ್ಷ ಜನ ಬಾಯಲ್ಲಿ ಇಟ್ಟುಕೊಂಡ ಪದಗಳ ಹತ್ತಿರಕ್ಕೆ ಸಿನಿಮಾವೇ ನಡೆದುಕೊಂಡು ಬಂತು. ಆ ನಾಲ್ಕು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಗಳಿಗೆ ಯಾವುದು ಅಂತ ಕೇಳಿದರೆ, ‘ನಾದಮಯ’ದ ಪಕ್ಕದಲ್ಲಿ ಇದನ್ನು ಇಡುತ್ತೇನೆ.

ಪ್ರಶ್ನೆ: ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ನಿಮ್ಮ ಭಾಗದಲ್ಲಿ ಹೇಗಿತ್ತು? (ಓದುಗ, ಕುಂದಾಪುರ)

ಉತ್ತರ: ಶಿಶುನಾಳ ನಮ್ಮ ಪಕ್ಕದ ಶಿಗ್ಗಾವಿ ತಾಲ್ಲೂಕು. 1990ರಲ್ಲಿ ನಾವೆಲ್ಲ ಇನ್ನೂ ಧಾರವಾಡ ಜಿಲ್ಲೆಯವರು. ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು. ಅಶ್ವಥ್ ಅವರ ಶರೀಫರ ಪದಗಳು ಅದಕ್ಕೂ ಮೊದಲೇ ಕ್ಯಾಸೆಟ್ಟಿನಲ್ಲಿ ಇದ್ದವು. ಚಿತ್ರ ಬಂದ ಮೇಲೆ ಸಂತೆಯ ದಿನ ಹಳ್ಳಿಯಿಂದ ಬಂದವರು “ಶರೀಫಜ್ಜನ ಪದ ಐತೇನ್ರಿ?” ಅನ್ನುತ್ತಿದ್ದರು. ಅಶ್ವಥ್ ಹೆಸರನ್ನಾಗಲಿ ಚಿತ್ರದ ಹೆಸರನ್ನಾಗಲಿ ಯಾರೂ ಹೇಳುತ್ತಿರಲಿಲ್ಲ. 1889ರಲ್ಲಿ ದೇಹ ಬಿಟ್ಟವರು, ಇನ್ನೂ ಅವರ ಮನೆಯ ಅಜ್ಜ.

ಒಬ್ಬ ಮುದುಕಿ ಕೇಳಿ ಮುಗಿಸಿ ತಲೆಯಾಡಿಸಿದಳು. “ದನಿ ಚಂದ ಐತಿ, ಆದ್ರ ನಾವ್ ಹಿಂಗ ಎಳ್ಯಾಂಗಿಲ್ಲ” ಅಂತ ಕೌಂಟರ್ ಹಿಡಿದುಕೊಂಡು ತನ್ನ ಭಜನೆಯ ಧಾಟಿಯಲ್ಲಿ ಒಂದು ನುಡಿ ಹಾಡಿ ತೋರಿಸಿದಳು. ನನ್ನ ಡಬಲ್ ಡೆಕ್ಕಿನಲ್ಲಿ ಮೈಕು ಸಿಗಿಸುವ ತೂತಿತ್ತು, ಖಾಲಿ ಕ್ಯಾಸೆಟ್ ಕೈಗೆಟುಕುವಲ್ಲಿತ್ತು. ಆದರೂ ರೆಕಾರ್ಡ್ ಮಾಡಲು ಹೊಳೆಯಲಿಲ್ಲ. ಇವತ್ತಿಗೂ ಕೊರೆಯುವ ಸಂಗತಿ ಅದು.

ಪ್ರಶ್ನೆ: ಚೀಟಿಯಲ್ಲಿ ಹಾಡು ಬರೆದುಕೊಟ್ಟು ತುಂಬಿಸಿಕೊಳ್ಳುತ್ತಿದ್ದೆವು. ಹನ್ನೆರಡೇ ಹಾಡು ಎಂದು ಅಂಗಡಿಯವರು ಹಟ ಮಾಡುತ್ತಿದ್ದುದು ಏಕೆ? (ಓದುಗ, ದಾವಣಗೆರೆ)

ಉತ್ತರ: ಸಿ-60 ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ 30 ನಿಮಿಷ. ಐದು ನಿಮಿಷದ ಹಾಡು ಆರು ಹಿಡಿಯುತ್ತವೆ. ಸಿ-90 ಇತ್ತು, ಆದರೆ ಅದರ ಟೇಪು ತೆಳು. ನಮ್ಮ ಬಿಸಿಲಿಗೆ, ಹಳೆಯ ಪ್ಲೇಯರುಗಳ ರಬ್ಬರ್ ರೋಲರಿಗೆ ಬೇಗ ಸುತ್ತಿಕೊಳ್ಳುತ್ತಿತ್ತು.

ಇನ್ನೊಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಾಗೆ ತುಂಬಿಸಿ ಕೊಟ್ಟದ್ದು ಹಾಡಿದವರ, ಬರೆದವರ ಪಾಲನ್ನು ಕಸಿದಂತೆಯೇ. ಪೇಟೆಯ ಅಂಗಡಿಗಳೆಲ್ಲ ಮಾಡಿದರು, ನಾನೂ ಮಾಡಿದೆ. 1992ರ ಕೊನೆಗೆ ನಿಲ್ಲಿಸಿದೆ. ಗಿರಾಕಿ ಕಡಿಮೆಯಾದರು, ರಾತ್ರಿ ನಿದ್ದೆ ಬಂತು.

ಪ್ರಶ್ನೆ: ತೀರಿಕೊಂಡ ಅಪ್ಪ 1991ರಲ್ಲಿ ತಮ್ಮ ದನಿಯಲ್ಲಿ ಹಾಡಿ ತುಂಬಿಸಿದ್ದ ಕ್ಯಾಸೆಟ್ ಊರಿನಲ್ಲಿ ಸಿಕ್ಕಿದೆ. ಹಾಕಲು ಧೈರ್ಯವಿಲ್ಲ. ಏನು ಮಾಡಲಿ? (ಓದುಗಿ, ಕುವೈತ್)

ಉತ್ತರ: ಧೈರ್ಯವಿಲ್ಲದ್ದೇ ಒಳ್ಳೆಯದಾಯಿತು ತಂಗಿ. ಯಾರಾದರೂ ಉತ್ಸಾಹದಲ್ಲಿ ಹಾಕಿ ಒತ್ತುವ ಮೊದಲು ಹೀಗೆ ಮಾಡಿ.

ಬೆಳಕಿಗೆ ಹಿಡಿದು ಕಿಟಕಿಯಲ್ಲಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಬೂಸಲು, ಮನೆಯಲ್ಲಿ ಮುಟ್ಟದೆ ತಿಳಿದವರ ಕೈಗೆ ಕೊಡಿ. ಇಲ್ಲದಿದ್ದರೆ ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚಿಗುರುಗಳನ್ನು ಮುರಿಯಿರಿ, ಆಗ ಅಪ್ಪಿತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಕೆಳಗಡೆ ಟೇಪಿನ ಹಿಂದೆ ಒಂದು ಚೂರು ಬಟ್ಟೆಯ ಮೆತ್ತೆ ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಎಷ್ಟೋ ವರ್ಷದ ಅಂಟು ಒಣಗಿ ಅದು ಬಿದ್ದಿದ್ದರೆ ದನಿ ಮಂಕಾಗುತ್ತದೆ, ಆಗ ಸುರುಳಿಯನ್ನು ಸ್ಕ್ರೂ ಇರುವ ಬೇರೆ ಕವಚಕ್ಕೆ ಹಾಕಿಸಬೇಕು.

ಪ್ಲೇಯರಿನ ಹೆಡ್ಡನ್ನು ಹತ್ತಿ, ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಡಿ. ಮೊದಲು ಬೇರೆ ಯಾವುದಾದರೂ ಬೇಡದ ಕ್ಯಾಸೆಟ್ ಹಾಕಿ, ಯಂತ್ರ ಟೇಪು ನುಂಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅಪ್ಪನ ಕ್ಯಾಸೆಟ್ಟನ್ನು ಪೆನ್ಸಿಲ್ ಸಿಗಿಸಿ ಕೈಯಲ್ಲೇ ನಾಲ್ಕು ಸುತ್ತು ಬಿಗಿ ಮಾಡಿ. ಮೊದಲ ಸಲ ಹಾಕುವಾಗಲೇ ಕಂಪ್ಯೂಟರಿಗೆ ತಂತಿ ಜೋಡಿಸಿ ರೆಕಾರ್ಡ್ ಚಾಲೂ ಇರಲಿ. ಎರಡನೇ ಸಲ ಹಾಕುವ ಹೊತ್ತಿಗೆ ಟೇಪು ಉಳಿದಿರುತ್ತದೆ ಅಂತ ನಂಬಿ ಕೂರಬೇಡಿ. ಹಾಡಿನ ನಡುವಿನ ಕೆಮ್ಮು, ಪಾತ್ರೆ ಸದ್ದು, ಯಾರೋ ಕರೆದದ್ದು, ಯಾವುದನ್ನೂ ಕತ್ತರಿಸಬೇಡಿ.

ಕಾಗದದ ಚೀಟಿಯ ಮೇಲೆ ಅವರೇ ಹಾಡಿನ ಹೆಸರು ಬರೆದಿದ್ದರೆ, ಅದರ ಫೋಟೊ ತೆಗೆದು ನನಗೂ ಕಳಿಸಿ. ಆ ವರ್ಷ ಅವರು ಯಾವ ಹಾಡು ಆರಿಸಿಕೊಂಡಿದ್ದರು ಅಂತ ನೋಡುವ ಆಸೆಯಿದೆ.