ಟಬ್ಬಿನಲ್ಲಿ ಎಣ್ಣೆ ಸ್ನಾನ

ಇಂಗ್ಲೆಂಡಿಗೆ ಬಂದು ಎರಡು ತಿಂಗಳು, ಇದೇ ಮೊದಲ ದೀಪಾವಳಿ. ರಜೆ ಸಿಗುತ್ತಾ, ಪಟಾಕಿ ಹೊಡೆಯಬಹುದಾ, ಆರು ವರ್ಷದ ಮಗಳಿಗೆ ಇದು ಹಬ್ಬ ಅಂತ ಅನ್ನಿಸುತ್ತಾ ಅಂತ ಕೇಳಿದ್ದೀರಿ. ನಾವು ರೆಡಿಂಗ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ನಾವು ಮಾಡುವುದನ್ನು ಹೇಳುತ್ತೇನೆ.

ದೀಪಾವಳಿಗೆ ಇಲ್ಲಿ ಸರ್ಕಾರಿ ರಜೆ ಇಲ್ಲ. ಹಬ್ಬ ವಾರದ ಮಧ್ಯೆ ಬಂದರೆ ನಿಮ್ಮ ರಜೆಯಲ್ಲೇ ಒಂದು ದಿನ ಹಾಕಬೇಕು. ಅಕ್ಟೋಬರ್ ಕೊನೆಗೆ ಶಾಲೆಗಳಿಗೂ ರಜೆ ಇರುವುದರಿಂದ ಮಕ್ಕಳಿರುವವರೆಲ್ಲ ಆಗಲೇ ಕೇಳುತ್ತಾರೆ, ಹಾಗಾಗಿ ಈಗಲೇ ಹೇಳಿಡಿ. ಮಗಳ ಶಾಲೆಗೆ ಧಾರ್ಮಿಕ ಹಬ್ಬ ಅಂತ ಮೊದಲೇ ಬರೆದರೆ ಆ ದಿನದ ಗೈರಿಗೆ ಒಪ್ಪಿಗೆ ಸಿಗುತ್ತದೆ. ಜ್ವರ ಅಂತ ಸುಳ್ಳು ಹೇಳಬೇಡಿ. ನಾವು ಹೇಳಿದ್ದೆವು. ಮರುದಿನ ಮಗ ಟೀಚರ್ ಹತ್ತಿರ ಹೋಗಿ ಸುರುಸುರು ಬತ್ತಿಯ ಕಥೆ ಪೂರ್ತಿ ಹೇಳಿ ಬಂದ!

ಪಟಾಕಿ ಹೊಡೆಯಬಹುದು, ಆದರೆ ನಿಮ್ಮ ಹಿತ್ತಲಲ್ಲಿ ಮಾತ್ರ. ರಸ್ತೆಯಲ್ಲಿ ಹೊಡೆಯುವುದು ಅಪರಾಧ. ಬೇರೆ ದಿನ ರಾತ್ರಿ 11ಕ್ಕೆ ನಿಲ್ಲಿಸಬೇಕು, ದೀಪಾವಳಿ ರಾತ್ರಿ 1 ಗಂಟೆವರೆಗೆ ಬಿಟ್ಟಿದ್ದಾರೆ. ನವೆಂಬರ್ 5ಕ್ಕೆ ಇವರದ್ದೇ ಪಟಾಕಿ ಹಬ್ಬ ಇರುವುದರಿಂದ ಅಂಗಡಿಯಲ್ಲೂ ಸಿಗುತ್ತದೆ. ಚೆಂಡು ಹೂವು, ಮಾವಿನ ಎಲೆಗೆ ನಾವು ಲಂಡನ್ನಿನಲ್ಲಿ ನಮ್ಮವರ ಅಂಗಡಿಗಳಿರುವ ಸೌತಾಲ್‌ಗೆ ಹೋಗುತ್ತೇವೆ.

ಇನ್ನು ಮಗಳ ವಿಷಯ. ಪೂಜೆ, ಊಟ, ಸ್ನೇಹಿತರು ಎಲ್ಲ ಶನಿವಾರಕ್ಕೆ ಹೋದರೂ ಪರವಾಗಿಲ್ಲ. ಎಣ್ಣೆ ಸ್ನಾನ ಮಾತ್ರ ನರಕ ಚತುರ್ದಶಿಯ ಬೆಳಗ್ಗೆಯೇ ಆಗಲಿ. ನಮ್ಮ ಮಕ್ಕಳಿಗೆ ಸಿಹಿಗಿಂತ ಜಾಸ್ತಿ ನೆನಪಿರೋದು ಕತ್ತಲಲ್ಲಿ ಎಬ್ಬಿಸಿ ಎಣ್ಣೆ ಹಚ್ಚಿದ್ದು.

ಮೊದಲ ವರ್ಷ ನಾನು ಊರಿನ ಲೆಕ್ಕದಲ್ಲೇ ಹೊರಟೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಣ್ಣೆ ಹಾಗೆ ಗಟ್ಟಿಯಾಗಿತ್ತು. ಬಿಸಿನೀರಲ್ಲಿ ಇಟ್ಟು ಕರಗಿಸಿದೆ. ಮೂರು ಜನಕ್ಕೂ ಸುರಿದು ಹಚ್ಚಿ, ಅಮ್ಮ ಕಳಿಸಿದ್ದ ಸೀಗೆಪುಡಿ ಹಾಕಿ ತಿಕ್ಕಿದ್ದಾಯ್ತು. ಟಬ್ಬು ಜಾರುಬಂಡೆ. ನಮ್ಮೆಜಮಾನರು ಪರದೆ ಹಿಡಿದು ಬಚಾವಾದರು, ಪರದೆ ಉಳಿಯಲಿಲ್ಲ. ಎಣ್ಣೆ, ಸೀಗೆಪುಡಿ, ಕೂದಲು ಸೇರಿ ನೀರು ಹೋಗುವ ತೂತು ಕಟ್ಟಿಕೊಂಡಿತು. ಕೊಳಾಯಿ ರಿಪೇರಿಯವನಿಗೆ ಕೊಟ್ಟ ದುಡ್ಡಲ್ಲಿ ಎಲ್ಲರಿಗೂ ಹೊಸ ಬಟ್ಟೆ ಬರುತ್ತಿತ್ತು.

ಈಗ ಟಬ್ಬಿನಲ್ಲಿ ರಬ್ಬರ್ ಮ್ಯಾಟ್, ತೂತಿನ ಮೇಲೆ ಜಾಲರಿ. ಸೀಗೆಪುಡಿ ಶಾಸ್ತ್ರಕ್ಕೆ ಒಂದು ಚಿಟಿಕೆ, ಉಳಿದದ್ದೆಲ್ಲ ಶಾಂಪೂ. ಹಿಂದಿನ ರಾತ್ರಿ ನೀರು ತುಂಬೋ ಹಬ್ಬಕ್ಕೆ ಹಂಡೆ ಎಲ್ಲಿ ತರೋದು? ಬಕೆಟ್ಟಿಗೇ ಮಗ ಚಾಕ್‌ಪೀಸಲ್ಲಿ ಪಟ್ಟೆ ಎಳೆದು ಚೆಂಡು ಹೂವು ಕಟ್ಟುತ್ತಾನೆ. ಕರೆಯೋದೇ ಬೇಡ, ಅವನೇ ಸೌತಾಲ್ ಚೀಲ ಹುಡುಕುತ್ತಾನೆ.

ನಮಗೆ ಬೆಳಗ್ಗೆ ಐದಾದಾಗ ಊರಲ್ಲಿ ಹತ್ತೂವರೆ, ಚಳಿಗಾಲಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅದಿನ್ನೂ ಆಗದಿದ್ದರೆ ಒಂಬತ್ತೂವರೆ. ಅಲ್ಲಿ ಕಜ್ಜಾಯ ತಿಂದೂ ಆಗಿರುತ್ತದೆ. ಅಮ್ಮ ವಿಡಿಯೋದಲ್ಲಿ ನೋಡುತ್ತಾ "ನೆತ್ತಿಗೆ ಇನ್ನೂ ಸ್ವಲ್ಪ ಹಾಕೇ" ಅಂತಾರೆ. ತೂತಿನ ಕಥೆ ಅವರಿಗೆ ಇವತ್ತಿಗೂ ಹೇಳಿಲ್ಲ.

ಮನೆಯವರು ಯಾರಾದರೂ ಬರುವವರಿದ್ದರೆ ಒಂದು ಚೊಂಬು ತರಲು ಹೇಳಿ. ಇಲ್ಲಿನ ಪ್ಲಾಸ್ಟಿಕ್ ಜಗ್ಗಿಗೆ ಮೂತಿ ಇರುತ್ತದೆ. ಅದರಲ್ಲಿ ಹೊಯ್ದರೆ ನೀರು ಒಂದೇ ಕಿವಿಗೆ ಹೋಗುತ್ತದೆ.